ಎರಡೂ ಬರೀರಿ

ಬೆಲ್ಟು ನಿಂತರೆ ಬಾಯ್ಲರಿನ ಬೆಂಕಿ ಆರುತ್ತದೆ. ಬೆಂಕಿ ಆರಿದರೆ ಗಾಣ ನಿಲ್ಲುತ್ತದೆ. ಗಾಣ ನಿಂತರೆ ಗೇಟಿನ ಹೊರಗೆ ಮೈಲುದ್ದ ನಿಂತ ಕಬ್ಬಿನ ಟ್ರ್ಯಾಕ್ಟರಿನವರು ರಂಪ ಮಾಡುತ್ತಾರೆ. ಅದಕ್ಕೆ ಬೆಲ್ಟು ನಿಲ್ಲಬಾರದು. ಮಲಕಾಜಪ್ಪನ ಉಸಿರು ನಿಂತರೆ ಏನೂ ನಿಲ್ಲುವುದಿಲ್ಲ. ಆ ಜಾಗಕ್ಕೆ ಬೇರೆಯವನ ಸಲಿಕೆ ಬರುತ್ತದೆ.

ಅವನು ರಾಮದುರ್ಗದ ಕಡೆಯ ಸಾಲಹಳ್ಳಿಯವನು. ನಲವತ್ಮೂರು ವಯಸ್ಸು. ಏಳು ಹಂಗಾಮಿನಿಂದ ಹೊಳೆದಂಡೆಯ ಸಕ್ಕರೆ ಕಾರಖಾನೆಯ ಬಗ್ಯಾಸ್ ಯಾರ್ಡಿನಲ್ಲಿ ದುಡಿಯುತ್ತಿದ್ದ. ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಯೇ ಬಗ್ಯಾಸ್. ಬಾಯ್ಲರಿಗೆ ಅದೇ ಉರುವಲು. ಹಿಂದಿನ ವರ್ಷದ್ದು ಮೂರಾಳೆತ್ತರ ಗುಡ್ಡೆ ಬಿದ್ದಿರುತ್ತದೆ. ಮಳೆಗೆ ನೆನೆದು, ಒಳಗೇ ಕುದ್ದು, ಬೂಷ್ಟು ಹಿಡಿದಿರುತ್ತದೆ. ಸಲಿಕೆ ಹಾಕಿದರೆ ಬಿಳಿ ಧೂಳು ಭುಗ್ಗನೆ ಏಳುತ್ತದೆ. ಹಿಟ್ಟಿನ ಹಾಗೆ ಕಾಣುತ್ತದೆ. ಒಳಗೆ ಹೋದರೆ ಚುಚ್ಚುತ್ತದೆ.

ಗುಡ್ಡೆಯ ನಡುವೆ ಜೆಸಿಬಿ ಓಡಾಡುತ್ತದೆ. ಶೆಡ್ಡಿನ ಮೂಲೆಗಳಿಗೆ ಅದು ಹೋಗುವುದಿಲ್ಲ. ಮೂಲೆಗೆ ಮನುಷ್ಯರು ಹೋಗುತ್ತಾರೆ. ಎಂಟು ಗಂಡಸರು, ಮೂವರು ಹೆಂಗಸರು. ಗಂಡಸರು ಸಿಪ್ಪೆ ಎತ್ತಿ ಬಾಯ್ಲರಿಗೆ ಒಯ್ಯುವ ಬೆಲ್ಟಿಗೆ ಒಗೆಯಬೇಕು. ಹೆಂಗಸರು ಬೆಲ್ಟಿನ ಕೆಳಗೆ ಕುಕ್ಕುರುಗಾಲಲ್ಲಿ ಕೂತು ಉದುರಿದ್ದನ್ನು ಗುಡಿಸಿ ಕೊಡಬೇಕು. ಬಾಯಿಗೆ ಕಟ್ಟಿಕೊಳ್ಳಲು ಕಾರಖಾನೆ ಏನೂ ಕೊಡುತ್ತಿರಲಿಲ್ಲ. ದಿನಕ್ಕೊಂದು ಬೆಲ್ಲದ ಚೂರು ಕೊಡುತ್ತಿತ್ತು. ಧೂಳು ಕುಡಿದವರಿಗೆ ಬೆಲ್ಲ ಔಷಧವಂತೆ.

ಇನ್ನೊಂದು ಔಷಧ ಮುಕಾದಮ ಮಡಿವಾಳೆಪ್ಪನದು. ಯಾರ್ಡಿಗೆ ಆಳು ತರುವವನು ಅವನೇ, ತೆಗೆಯುವವನೂ ಅವನೇ. ಕಿತ್ತೂರಿನ ಕಡೆ ಹೊಲಮನೆ ಇದ್ದ ಮನೆತನ. ಹಣೆಯ ವಿಭೂತಿ ಒಂದು ದಿನ ತಪ್ಪಿದ್ದಿಲ್ಲ. ಬೇರೆ ಪಾಳಿಯವರು ಬಾರದಾಗ ಇದ್ದವರನ್ನೇ ಮತ್ತೆ ನಿಲ್ಲಿಸಿಕೊಳ್ಳುವ ದಿನ ಅವನ ಸ್ಕೂಟರಿನ ಡಿಕ್ಕಿ ತೆರೆಯುತ್ತಿತ್ತು. ಅದರಿಂದ ಒಂದು ಚಿಲುಮೆ, ಒಂದು ಪೊಟ್ಟಣ ಗಾಂಜಾ ಹೊರಗೆ ಬರುತ್ತಿತ್ತು.

"ಬೆಲ್ಲ ಗಂಟಲದಾಗಿನ ಧೂಳ ತಗೀತೈತಿ. ಎದ್ಯಾಗಿಂದು ತಗಿಯೂದು ಇದು. ಎರಡ ದಮ್ಮ ಎಳೀರಿ, ಗುಡ್ಡಿ ಹೋಗಿ ಗುಬ್ಬಿ ಆಗತೈತಿ ನೋಡ್ರಿ," ಅನ್ನುತ್ತಿದ್ದ.

ನಂಬಿದರು. ನಂಬದೆ ಏನು ಮಾಡುತ್ತಾರೆ? ಎರಡು ದಮ್ಮು ಎಳೆದರೆ ಭುಜದ ನೋವು ಎಲ್ಲೋ ಹೋಗುತ್ತಿತ್ತು. ಆಮೇಲೆ ಕೆಮ್ಮು ಬಂದು ಕರಿ ಕಫ ಬೀಳುತ್ತಿತ್ತು. ಬಿದ್ದದ್ದನ್ನು ಎಲ್ಲರೂ ಬಗ್ಗಿ ನೋಡುತ್ತಿದ್ದರು. "ಬಂತ ನೋಡಲೇ ಧೂಳ, ಬಂತ," ಅಂತ ಒಬ್ಬರ ಬೆನ್ನು ಒಬ್ಬರು ಚಪ್ಪರಿಸುತ್ತಿದ್ದರು. ಹೊಗೆಯೇ ಆ ಕಫ ತರುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ. ಹೆಚ್ಚು ಧೂಳು ಕುಡಿದ ದಿನ ಹೆಚ್ಚು ಸೇದಿದರು. ತೊಳೆದುಕೊಂಡಂತೆ ಅಂದುಕೊಂಡರು.

ಮೂರನೇ ಹಂಗಾಮಿನ ಹೊತ್ತಿಗೆ ಮಲಕಾಜಪ್ಪನಿಗೆ ಮುಕಾದಮನ ಪೊಟ್ಟಣ ಸಾಲಲಿಲ್ಲ. ಕೆಲಸ ಇಲ್ಲದ ದಿನವೂ ಬೇಕಾಯಿತು. ಐದನೇ ಹಂಗಾಮಿಗೆ ಮಲಗುವುದು ಬಿಟ್ಟುಹೋಯಿತು. ಒರಗಿದರೆ ಎದೆಯ ಮೇಲೆ ಯಾರೋ ಕೂತಂತೆ ಆಗುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತೇ ನಿದ್ದೆ ಮಾಡುತ್ತಿದ್ದ.

ಒಮ್ಮೆ ತಾಲೂಕಿನ ಸರಕಾರಿ ದವಾಖಾನೆಗೆ ಹೋದ. ಅಲ್ಲಿನ ಡಾಕ್ಟರು ಹಿರಿಯರು. ಕತ್ತಿಗೆ ಮಫ್ಲರು ಸುತ್ತಿಕೊಂಡಿದ್ದರು. "ಏನರ ಸೇದತಿ?" ಅಂತ ಕೇಳಿದರು. ಪಕ್ಕದಲ್ಲೇ ಯಾವುದೋ ಅಪಘಾತದ ಕಾಗದ ಬರೆಸಲು ಪೊಲೀಸನೊಬ್ಬ ನಿಂತಿದ್ದ. ಮಲಕಾಜಪ್ಪ "ಇಲ್ರೀ," ಅಂದ. ಡಾಕ್ಟರು ಅವನ ಅಂಗಿಯ ವಾಸನೆ ಹಿಡಿದು ನಕ್ಕರು. ಸಾಲಿನವರೂ ನಕ್ಕರು. "ಮೊದಲ ಅದನ್ನ ಬಿಟ್ಟ ಬಾ. ಆಮ್ಯಾಲ ಎದಿ ನೋಡೂಣು," ಅಂದರು. ಎದೆಗೆ ನಳಿಗೆ ಇಡಲಿಲ್ಲ. ಕೆಮ್ಮಿನ ಔಷಧ ಬರೆದರು. ಧೂಳಿನ ಮಾತು ಅವರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಮತ್ತೆ ಆ ಕಡೆ ಕಾಲಿಡಲಿಲ್ಲ.

ಹೋದ ಹಂಗಾಮಿನಲ್ಲಿ ಸಂಜು ಸತ್ತ. ಮಲಕಾಜಪ್ಪನ ಪಕ್ಕದ ಸಲಿಕೆ ಅವನದು. ಮೂವತ್ತೊಂದು ವಯಸ್ಸು. ಗುಡ್ಡೆಯ ಬುಡದಲ್ಲಿ ಕುಂತ, ಏಳಲಿಲ್ಲ. ತುಟಿ ನೇರಳೆಹಣ್ಣಿನ ಬಣ್ಣ ಆಗಿತ್ತು. "ಗಾಂಜಾ ಸೇದಿ ಸತ್ತ" ಅಂತ ಮಡಿವಾಳೆಪ್ಪ ಹೇಳಿದ. ಸತ್ತವನ ಮನೆ ಮುಂದೆ ಕೂತವರೆಲ್ಲ ಅದನ್ನೇ ಹೇಳಿದರು. ಮಲಕಾಜಪ್ಪನೂ ಹೇಳಿದ. ಹೇಳಿ ಮನೆಗೆ ಬಂದು ಸೇದಿದ.

ಈ ಸಲ ಆ ಸಾವಿನ ವಿಚಾರಣೆಗೆ ಜಿಲ್ಲೆಯಿಂದ ಸಾಹೇಬರು ಬರುತ್ತಾರೆ ಅಂತ ಸುದ್ದಿ ಬಂತು. ಯಾರ್ಡಿನಲ್ಲಿ ಕೆಮ್ಮುವವರು ಎಷ್ಟು ಜನ ಅಂತ ಪಟ್ಟಿ ಕೇಳಿದ್ದರಂತೆ. ಕಾರಖಾನೆಗೆ ಒಮ್ಮೆಲೇ ಕೆಮ್ಮುವವರ ಮೇಲೆ ಪ್ರೀತಿ ಉಕ್ಕಿತು. ಗೇಟಿನ ಬಳಿ ಅದರದೇ ಒಂದು ಸಣ್ಣ ದವಾಖಾನೆ ಇತ್ತು. ವಾರಕ್ಕೆ ಎರಡು ದಿನ ಶೀತಲ ಅಂತ ಒಬ್ಬ ಹುಡುಗಿ ಡಾಕ್ಟರು ಬರುತ್ತಿದ್ದಳು. ಹನ್ನೊಂದು ಜನರನ್ನೂ ಅಲ್ಲಿಗೆ ಕರೆಸಿದರು.

ಅವಳು ಮಲಕಾಜಪ್ಪನ ಕೈಗೆ ಒಂದು ಪ್ಲಾಸ್ಟಿಕ್ ನಳಿಗೆ ಕೊಟ್ಟಳು. ಅದರ ಮೈಮೇಲೆ ಅಂಕಿ, ಅಂಕಿಯ ಪಕ್ಕ ಒಂದು ಕೆಂಪು ಮುಳ್ಳು.

"ಜೋರಾಗಿ ಊದ್ರಿ."

ಊದಿದ. ಮುಳ್ಳು ನೂರಾ ಅರವತ್ತಕ್ಕೆ ನಿಂತಿತು.

"ನಿಮ್ಮ ವಯಸ್ಸಿನವರಿಗೆ ಐದನೂರರ ಸನೇಕ ಹೋಗಬೇಕು," ಅಂದಳು. "ಇನ್ನೊಮ್ಮೆ ಊದ್ರಿ."

ಮತ್ತೆ ಊದಿದ. ನೂರಾ ಐವತ್ತು. ಕಣ್ಣಿಗೆ ಕತ್ತಲು ಬಂತು. ಮೇಜು ಹಿಡಿದುಕೊಂಡ.

"ಗಾಂಜಾ ಸೇದತೀರೇನು?"

ಮಲಕಾಜಪ್ಪ ಹಿಂದಿರುಗಿ ನೋಡಿದ. ಬಾಗಿಲಲ್ಲಿ ಮಡಿವಾಳೆಪ್ಪ ನಿಂತಿದ್ದ. "ಹೇಳಲೇ. ಡಾಕ್ಟರ ಮುಂದ ಏನ ನಾಚಿಕಿ? ಸೇದೂವಾಗ ಇರಲಿಲ್ಲಾ?" ಅಂದ.

"ಸೇದತೇನ್ರೀ ಬಾಯಾರ."

"ಅದು ಎದಿ ಸುಡತೈತಿ. ಎಷ್ಟು ಲಗೂನ ಬಿಡತೀರಿ ಅಷ್ಟು ಚಲೋ. ಒಮ್ಮೆಲೇ ಆಗಲಿಲ್ಲಂದ್ರ ಬಿಡಸಾಕ ನಾವು ಸಹಾಯ ಮಾಡಬೇಕು." ಬೈದು ಹೇಳಲಿಲ್ಲ ಅವಳು. ಅದೇ ಅವನಿಗೆ ಹೊಸದು. ಧೈರ್ಯ ಬಂತು.

"ಮತ್ತ ಧೂಳ್ರೀ?"

ಅವಳ ಕಣ್ಣು ಬಾಗಿಲಿಗೆ ಹೋಯಿತು. "ಧೂಳೂ ಇರತೈತಿ," ಅಂತ ಮೆಲ್ಲಗೆ ಅಂದಳು. ಕೈಯಲ್ಲಿ ಪೆನ್ನಿತ್ತು. ಅದನ್ನು ಬರೆಯಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಮಡಿವಾಳೆಪ್ಪ ಅವನಿಗೆ ಒಂದು ಹಾಳೆ ತೋರಿಸಿದ. ಮಲಕಾಜಪ್ಪ ನಾಲ್ಕನೇ ಇಯತ್ತೆಯವರೆಗೆ ಸಾಲಿ ಕಲಿತವನು. ಬೆರಳಿಟ್ಟು ಓದಿದ. ‘ನನ್ನ ಎದೆಯ ಕಾಯಿಲೆಗೆ ನನ್ನ ಗಾಂಜಾ ಚಟವೇ ಕಾರಣವಾಗಿರುತ್ತದೆ. ಕಾರಖಾನೆಯ ಕೆಲಸಕ್ಕೂ ಸದರಿ ಕಾಯಿಲೆಗೂ ಯಾವುದೇ ಸಂಬಂಧ ಇರುವುದಿಲ್ಲ. ಈ ಹೇಳಿಕೆಯನ್ನು ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟಿರುತ್ತೇನೆ.’

"ನಾಳೆ ಬಂದ ಸಹಿ ಮಾಡು," ಅಂದ ಮಡಿವಾಳೆಪ್ಪ. "ಕಾರಖಾನಿ ಗಾಡಿ ನಿನ್ನ ಬೆಳಗಾವಿ ದೊಡ್ಡ ದವಾಖಾನಿಗೆ ಒಯ್ಯತೈತಿ. ತಿರುಗಿ ಬಂದ ಮ್ಯಾಲ ಗೇಟಿನ್ಯಾಗ ಕುರ್ಚಿ ಹಾಕಿ ಕುಂಡ್ರಸ್ತೇನಿ. ಸಲಿಕಿ ಇಲ್ಲ, ಧೂಳ ಇಲ್ಲ."

"ಮಾಡಲಿಲ್ಲಂದ್ರ ಸಾವಕಾರ್ರ?"

"ಗಾಂಜಾ ಸೇದೂದು ಕೇಸಪಾ. ಡಾಕ್ಟರ ಮುಂದ ಬಾಯಿ ಬಿಟ್ಟಿ. ನಾ ಕೇಳೇನಿ." ಅವನ ಹೆಗಲ ಮೇಲೆ ಕೈ ಇಟ್ಟ. "ನಾ ಹೇಳೂದಿಲ್ಲ ತಗೋ. ನಮ್ಮವ ನೀ."

ಮನೆಯೆಂದರೆ ಕಾರಖಾನೆಯ ಹಿಂದಿನ ತಗಡಿನ ಸಾಲು. ಹೆಂಡತಿ ಸತ್ಯವ್ವ ಕಲ್ಲಿನ ಮೇಲೆ ಅವನ ಸಾಫಿ ಒಗೆಯುತ್ತಿದ್ದಳು. ಚಿಲುಮೆಯ ಬಾಯಿಗೆ ಸುತ್ತಿ ಹೊಗೆ ಎಳೆಯುವ ಹಸಿ ಅರಿವೆ ಅದು. ಯಾರ್ಡಿನಲ್ಲಿ ಮೂಗಿಗೆ ಕಟ್ಟಿಕೊಳ್ಳುವುದೂ ಅದೇ. ಒಂದು ಮಗ್ಗುಲು ಕಂದು ಕಲೆ, ಇನ್ನೊಂದು ಮಗ್ಗುಲು ಹಳದಿ. ಎಷ್ಟು ಕುಕ್ಕಿದರೂ ಎರಡೂ ಹೋಗುತ್ತಿರಲಿಲ್ಲ. ಚಿಲುಮೆಯನ್ನು ಎರಡು ಸಲ ಗಟಾರಕ್ಕೆ ಒಗೆದವಳು ಅವಳು. ಎರಡು ಸಲವೂ ಅವನು ಹೊಸದು ತಂದಿದ್ದ.

ಹಾಳೆಯ ವಿಷಯ ಕೇಳಿ ಒಗೆಯುವುದನ್ನು ನಿಲ್ಲಿಸಿದಳು.

"ಸಹಿ ಮಾಡು."

"ಧೂಳಿಂದ ಏನೂ ಆಗಿಲ್ಲಂತ ಬರದಾರ."

"ಸೇದೀಯೋ ಇಲ್ಲೋ?"

"ಸೇದೇನಿ."

"ಮತ್ತ? ಖರೇದಕ್ಕ ಸಹಿ ಮಾಡಾಕ ಏನ ಬ್ಯಾನಿ?" ಸಾಫಿಯನ್ನು ಕಲ್ಲಿನ ಮೇಲೆ ಕುಕ್ಕಿದಳು. "ಕುಂತ ಕುಂತ ನಿದ್ದಿ ಮಾಡ್ತಿ. ನಿನ್ನ ಎದಿ ಸಿಳ್ಳ ಹೊಡಿಯೂದ ಕೇಳಕೋತ ನಾನೂ ಕುಂಡ್ರತೇನಿ. ನಿಂತ್ರ ಹೆಂಗ ಅಂತ. ನಿನಗ ಧೂಳೋ ಹೊಗಿಯೋ ಅನ್ನೂ ನ್ಯಾಯ ಬೇಕಾಗೈತಿ. ನನಗ ನೀ ಬೇಕಾಗೀದಿ."

ಅವಳು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಸೇದಿದ್ದು ಅವನೇ. ಬಾಯಿ ಅವನದೇ. ಸಂಜುವಿನ ಹಾಗೆ ಗುಡ್ಡೆಯ ಬುಡದಲ್ಲಿ ಸಾಯುವುದಕ್ಕಿಂತ ಒಂದು ಸಹಿ ಒಳ್ಳೆಯದು. ಮಾಡುತ್ತೇನೆ ಅಂದ. ಅಂದ ಮೇಲೆ ಹಗುರ ಆಗಬೇಕಿತ್ತು. ಆಗಲಿಲ್ಲ.

ಮರುದಿನ ಬೆಳಿಗ್ಗೆ ದವಾಖಾನೆಗೆ ಹೋದ. ಯಾರ್ಡಿನಿಂದ ಅಲ್ಲಿಗೆ ಇನ್ನೂರು ಹೆಜ್ಜೆ. ಮೂರು ಕಡೆ ನಿಂತ. ಹೊರಗಿನ ಕಟ್ಟೆಯ ಮೇಲೆ ಯಾರ್ಡಿನ ಹೆಂಗಸರು ಕೂತಿದ್ದರು. ತಾಯವ್ವ ಅವರಲ್ಲಿ ಹಿರಿಯಳು. ಸಿರಸಂಗಿಯವಳು. ಅರವತ್ತು ದಾಟಿತ್ತು. ಅವಳದೂ ಅದೇ ಕೆಮ್ಮು. ಅದೇ ಸಿಳ್ಳು.

"ಬಾರೋ ತಮ್ಮಾ, ಮದಲಿಂಗನ ಗತೆ ನಿಂತ ನಿಂತ ಬರಾಕತ್ತೀಯಲ್ಲ," ಅಂದಳು. "ಹಿಂದ ವಾಲಗ ಒಂದ ಕಡಿಮಿ."

ಅವನಿಗೆ ನಗಲು ಉಸಿರಿರಲಿಲ್ಲ. ಕೈ ಎತ್ತಿದ.

ಒಳಗೆ ಮಡಿವಾಳೆಪ್ಪ ಮೇಜಿನ ಮೇಲೆ ಹಾಳೆಗಳ ಕಟ್ಟು ಇಟ್ಟುಕೊಂಡು ಕೂತಿದ್ದ. ಶೀತಲ ಕಪಾಟಿನ ಬಳಿ ಗುಳಿಗೆ ಎಣಿಸುತ್ತಿದ್ದಳು. "ನಿಂದು ಕೆಳಗ ಐತಿ ನೋಡು. ಹುಡುಕಿ ಸಹಿ ಒಗಿ," ಅಂದ ಮಡಿವಾಳೆಪ್ಪ. ಅವನಿಗೆ ಫೋನು ಬಂದಿತ್ತು.

ಮಲಕಾಜಪ್ಪ ಒಂದೊಂದೇ ಹಾಳೆ ತೆಗೆದ. ಮೊದಲನೆಯದು ಯಾರ್ಡಿನ ಜೊತೆಗಾರ ಆಕಾಶನದು. ಅವನು ಸೇದುತ್ತಿದ್ದ, ಸರಿ. ಎರಡನೆಯದರ ಕೆಳಗೆ ಸಹಿ ಇರಲಿಲ್ಲ. ನೀಲಿ ಹೆಬ್ಬೆಟ್ಟಿನ ಗುರುತಿತ್ತು. ಮೇಲೆ ಹೆಸರು: ತಾಯವ್ವ, ಸಾ. ಸಿರಸಂಗಿ.

ಬೆರಳಿಟ್ಟು ಓದಿದ. ‘ನನ್ನ ಎದೆಯ ಕಾಯಿಲೆಗೆ ನನ್ನ ಗಾಂಜಾ ಚಟವೇ...’

ಮತ್ತೊಮ್ಮೆ ಓದಿದ. ಅಕ್ಷರ ತಪ್ಪಿ ಓದಿದೆನೇನೋ ಅನ್ನಿಸಿತು. ತಪ್ಪಿರಲಿಲ್ಲ.

ತಾಯವ್ವ ಬೀಡಿ ಸೇದಿದವಳಲ್ಲ. ಗಂಡಸರು ಚಿಲುಮೆ ಹಚ್ಚಿದರೆ ಮೂಗಿಗೆ ಸೆರಗು ಹಿಡಿದು, "ಹೇಲ ಸುಟ್ಟಂಗ ನಾರತೈತಿ, ಆಚೆ ಹೋಗ್ರಿ," ಅಂತ ಓಡಿಸುವವಳು. ಅವಳ ಎದೆ ಯಾಕೆ ಸಿಳ್ಳು ಹೊಡೆಯುತ್ತದೆ? ಹನ್ನೆರಡು ಹಂಗಾಮು ಅವಳು ಬೆಲ್ಟಿನ ಕೆಳಗೆ ಕೂತಿದ್ದಳು. ಅಷ್ಟೇ. ಬೇರೇನೂ ಮಾಡಿರಲಿಲ್ಲ.

"ಸಾವಕಾರ್ರ, ತಾಯಕ್ಕಗ ಚಿಲಿಮಿ ಯಾರ ಕೊಟ್ರು?"

ಮಡಿವಾಳೆಪ್ಪ ಫೋನಿಗೆ ಅಂಗೈ ಮುಚ್ಚಿದ. "ಏ, ಅದು ಕಂಪ್ಯೂಟರಿನ್ಯಾಗ ಎಲ್ಲಾರಿಗೂ ಒಂದ ಬರತೈತಿ. ನಿಂದ ನೀ ನೋಡಕೋ."

"ಆಕಿಗೆ ಓದಿ ಹೇಳೀರೇನ್ರಿ?"

"ಲೇ ಮಗನ, ಯಜಮಾನಕಿ ಮಾಡಾಕ ಕರದೇನೇನ ನಿನ್ನ? ಸಹಿ ಒಗದ ಗಾಡಿ ಹತ್ತು."

ಮಲಕಾಜಪ್ಪ ಕಿಟಕಿಗೆ ಹೋದ. "ತಾಯಕ್ಕಾ, ಒಳಗ ಬಾ."

ಅವಳು ಮೊಣಕಾಲು ಹಿಡಿದುಕೊಂಡು ಒಳಗೆ ಬಂದಳು. ಉಳಿದ ಇಬ್ಬರು ಹೆಂಗಸರು ಬಾಗಿಲಿಗೆ ಬಂದು ನಿಂತರು.

"ಈ ಹಾಳಿಗೆ ಯಾಕ ಹೆಬ್ಬೆಟ್ಟ ಒತ್ತಿ?"

"ಔಷಧ ಮುಟ್ಟೇತಿ ಅಂತ ಒತ್ತಂದ್ರು. ಒತ್ತಿದ್ನಿ. ಯಾಕ, ನನ್ನ ಹೊಲ ಬರಕೊಂಡಾರೇನ? ಇಲ್ಲದ್ದನ್ನ ಬರಕೊಂಡ್ರ ಅವರ ಕೇಡು."

ಓದಿದ. ಗಟ್ಟಿಯಾಗಿ ಓದಿದ. ನಡುವೆ ಎರಡು ಸಲ ಉಸಿರಿಗೆ ನಿಂತ. ಕೊನೆಯ ಸಾಲು ಮುಗಿದಾಗ ತಾಯವ್ವ ತನ್ನ ಹೆಬ್ಬೆಟ್ಟು ನೋಡಿಕೊಂಡಳು. ನೀಲಿ ಇನ್ನೂ ಉಳಿದಿತ್ತು.

"ನಾ ಗಾಂಜಾ ಸೇದತೇನಂತ?"

"ಹೂಂ."

"ನಾನು?"

ಅವಳು ನೆಲಕ್ಕೆ ಕೂತಳು. ಮುಕಾದಮನ ಕಾಲ ಮುಂದೆ, ಪದ್ಮಾಸನ ಹಾಕಿದ ಹಾಗೆ. ಕೈ ಚಾಚಿದಳು.

"ಕೊಡಪಾ ಚಿಲಿಮಿ. ಸೇದತೇನಿ. ಕಾಗದಾ ಯಾಕ ಸುಳ್ಳ ಆಗಬೇಕು? ನನ್ನ ಗಂಡ ಇದ್ದಾಂವ ಎಲಿ ಅಡಿಕಿ ಸೈತ ತಿನ್ನಗೊಟ್ಟಿಲ್ಲ. ಆ ಪುಣ್ಯಾತ್ಮ ಸತ್ತ ಹದಿನೈದ ವರ್ಷ ಆತು. ಈಗ ಶುರು ಮಾಡತೇನಿ. ಹೆಂಗ ಹಿಡಿಯೂದು? ಹಿಂಗೋ? ಡಿಕ್ಕಿ ತಗದ ತಾ ಹೋಗು. ಹಚ್ಚಿ ಕೊಡು. ನೀನ ಹಚ್ಚಿ ಕೊಡಬೇಕು."

ಬಾಗಿಲಲ್ಲಿ ಒಬ್ಬಳು ನಕ್ಕಳು. ಆ ನಗು ಮಡಿವಾಳೆಪ್ಪನ ಮುಖಕ್ಕೆ ಹೊಡೆಯಿತು.

"ಏಳ ಮುದುಕಿ! ಯಾವ ಡಿಕ್ಕಿ? ನನ್ನ ಡಿಕ್ಕ್ಯಾಗ ಏನೈತಿ?"

"ಏಳ ಹಂಗಾಮ ನಮಗ ಕೊಟ್ಟದ್ದೈತಿ," ಅಂದ ಮಲಕಾಜಪ್ಪ.

ಇದನ್ನು ಹೇಳಬೇಕು ಅಂತ ಅವನು ಬಂದಿರಲಿಲ್ಲ. ಹೇಳಿದ್ದು ಅವನಿಗೇ ಕೇಳಿಸಿತು.

"ಪೊಲೀಸಗ ಫೋನ ಹಚ್ಚಲ್ಯಾ?"

"ಹಚ್ರಿ. ಸೇದತೇನಿ ಅಂತ ಅವರ ಮುಂದ ಹೇಳತೇನಿ. ಯಾರ ಕಲಿಸಿದ್ರು ಅಂತ ಕೇಳಿದ್ರ ಅದನ್ನೂ ಹೇಳತೇನಿ." ಅವನು ಶೀತಲಳ ಕಡೆ ತಿರುಗಿದ. "ಬಾಯಾರ, ನೀವ ಬರೀರಿ. ನಂದು ಹೊಗಿನೂ ಬರೀರಿ, ಧೂಳೂ ಬರೀರಿ. ಎರಡೂ ಬರೀರಿ. ಆಕೀದು ಧೂಳ ಒಂದ ಬರೀರಿ. ಬರದದ್ದ ಕೆಳಗ ಸಹಿ ಮಾಡತೇನಿ. ಈಗ, ಇಲ್ಲೆ."

ಶೀತಲ ಗುಳಿಗೆಯ ಡಬ್ಬಿ ಹಿಡಿದುಕೊಂಡೇ ನಿಂತಿದ್ದಳು. ಮಡಿವಾಳೆಪ್ಪ ಅವಳನ್ನೇ ನೋಡುತ್ತಿದ್ದ. ಡಬ್ಬಿ ಮೇಜಿನ ಮೇಲೆ ಇಟ್ಟಳು. ಪೆನ್ನು ಎತ್ತಿಕೊಳ್ಳಲಿಲ್ಲ.

ಮಲಕಾಜಪ್ಪನ ಹೆಸರಿನ ಹಾಳೆ ಕಟ್ಟಿನ ತಳದಲ್ಲಿತ್ತು. ಅವನು ಅದನ್ನು ಹರಿಯಲಿಲ್ಲ. ಸಹಿ ಇಲ್ಲದ್ದನ್ನು ಹಾಗೇ ಬಿಟ್ಟ. ತಾಯವ್ವ ತನ್ನದನ್ನು ಎಳೆದುಕೊಂಡು ಮಡಚಿ ಕುಪ್ಪಸದೊಳಗೆ ಇಟ್ಟಳು. "ನನ್ನ ಹೆಬ್ಬೆಟ್ಟ ನನ್ನ ಕಡೆ ಇರಲಿ," ಅಂದಳು. ಮಡಿವಾಳೆಪ್ಪ ಕೈ ಮುಂದೆ ಮಾಡಿದ. ಅಲ್ಲಿಗೆ ಕೈ ಹಾಕುವುದು ಹೇಗೆ? ಹಿಂದೆ ತೆಗೆದುಕೊಂಡ. ಇಬ್ಬರ ಗೇಟ್ ಪಾಸು ಕಸಿದುಕೊಂಡ. "ನಾಳೆಯಿಂದ ಈ ಕಡೆ ಮಾರಿ ತೋರಿಸಬ್ಯಾಡ್ರಿ. ತಗಡಿನ ಮನಿ ಖಾಲಿ ಮಾಡ್ರಿ," ಅಂದ.

ಅವರು ಮೆಟ್ಟಿಲು ಇಳಿಯುವಾಗ ಶೀತಲ ಹಿಂದೆ ಬಂದಳು. "ಸರಕಾರಿ ದವಾಖಾನಿಗೆ ಇವತ್ತ ಹೋಗ್ರಿ," ಅಂತ ಪಿಸುಗುಟ್ಟಿದಳು. "ಎರಡೂ ಹೇಳ್ರಿ. ಸೇದೂದು ಹೇಳಲಿಲ್ಲಂದ್ರೂ ತಪ್ಪಾಗತೈತಿ, ಧೂಳು ಹೇಳಲಿಲ್ಲಂದ್ರೂ ತಪ್ಪಾಗತೈತಿ. ಅವರಾಗಿ ಕೇಳೂದಿಲ್ಲ. ನೀವ ಹೇಳಬೇಕು."

"ನಿಮಗ ಹೇಳಿದ್ನೆಲ್ರೀ," ಅಂದ ಮಲಕಾಜಪ್ಪ.

ಅವಳು ತಲೆ ತಗ್ಗಿಸಿದಳು.

ತಾಲೂಕಿನ ಬಸ್ಸಿನಲ್ಲಿ ತಾಯವ್ವ ಕಿಟಕಿಯ ಪಕ್ಕ ಅವನಿಗೆ ಜಾಗ ಬಿಟ್ಟಳು. ಸತ್ಯವ್ವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಕಾರಖಾನೆಯ ಗಾಡಿ ಬೆಳಗಾವಿ ದಾರಿ ಹಿಡಿದಿದೆ ಅಂದುಕೊಂಡು ಅವಳು ಗಂಗಾಳ ತೊಳೆಯುತ್ತಿರಬೇಕು. ಸಂಜೆ ಹೋಗಿ ಹೇಳಬೇಕು. ತಗಡೂ ಹೋಯಿತು ಅಂತ ಹೇಳಬೇಕು. ಹಿಂದೆ ಹೋಗಲು ಗೇಟು ಇರಲಿಲ್ಲ. ಊರಿಗೆ ಹೋದರೆ ದುಡಿಯಲು ಎದೆ ಇರಲಿಲ್ಲ. ಚಿಲುಮೆಯ ನೆನಪು ಬಂತು. ಈಗಲೇ ಎರಡು ದಮ್ಮು ಸಿಕ್ಕರೆ ಅನ್ನಿಸಿತು. ಅದೂ ಖರೆ. ಅದಕ್ಕೂ ಮಡಿವಾಳೆಪ್ಪನ ಮೇಲೆ ಸಿಟ್ಟು ಬಂತು, ತನ್ನ ಮೇಲೂ ಬಂತು.

ದವಾಖಾನೆಯಲ್ಲಿ ಸಾಲು ಬಾಗಿಲಿನಾಚೆ ಇತ್ತು. ಒಂದು ತಾಸು ನಿಂತರು. ಅವನು ಗೋಡೆ ಹಿಡಿದು ನಿಂತ. ಅದೇ ಹಿರಿಯ ಡಾಕ್ಟರು, ಅದೇ ಮೇಜು. ಅವರಿಗೆ ಇವನ ಗುರುತು ಇರಲಿಲ್ಲ.

"ಏನ ತ್ರಾಸ?"

"ದಮ್ಮ ಹತ್ತತೈತ್ರೀ. ಗಾಂಜಾ ಸೇದತೇನಿ."

ಡಾಕ್ಟರು ತಲೆ ಎತ್ತಿ ನೋಡಿದರು. ಇಷ್ಟು ಸೀದಾ ಯಾರೂ ಹೇಳಿರಲಿಕ್ಕಿಲ್ಲ. ಚೀಟಿಯ ಮೇಲೆ ಬರೆದರು. ಕೆಳಗೆ ಗೀಟು ಎಳೆದರು.

"ಮೊದಲ ಅದನ್ನ ಬಿಟ್ಟ ಬಾ. ಮುಂದಿನವರು ಬರ್ರಿ."

ಚೀಟಿಯನ್ನು ಪಕ್ಕಕ್ಕೆ ಸರಿಸಲು ಹೋದರು. ಮಲಕಾಜಪ್ಪ ಅದರ ಮೇಲೆ ಅಂಗೈ ಊರಿದ.

"ಇನ್ನೊಂದೈತ್ರೀ. ಏಳ ಹಂಗಾಮ..."

ಅಷ್ಟರಲ್ಲಿ ಕೆಮ್ಮು ಬಂತು. ಒಮ್ಮೆ ಹಿಡಿದರೆ ಬಿಡದ ಕೆಮ್ಮು. ಬೆನ್ನು ಬಾಗಿತು, ಕಣ್ಣಲ್ಲಿ ನೀರು ಬಂತು. ಹಿಂದಿನಿಂದ ಯಾರೋ ತಳ್ಳಿದರು. "ಕೈ ತಗೀಪಾ, ಮಂದಿ ನಿಂತಾರ," ಅಂದಳು ನರ್ಸಮ್ಮ. ಅವಳು ಅವನ ಮಣಿಕಟ್ಟು ಹಿಡಿದು ಎಳೆದಳು. ಇಪ್ಪತ್ತು ವರ್ಷ ಸಲಿಕೆ, ಗುದ್ದಲಿ ಹಿಡಿದ ಕೈ ಅದು. ಅಲ್ಲಾಡಲಿಲ್ಲ. ತಾಯವ್ವ ಹೇಳಲು ಬಾಯಿ ತೆರೆದಳು. ಅವನು ಬೇಡ ಅಂತ ತಲೆ ಅಲ್ಲಾಡಿಸಿದ. ಅವಳು ತನ್ನ ಹಾಳೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಅವನ ಪಕ್ಕಕ್ಕೆ ಬಂದು ನಿಂತಳು. ತಳ್ಳುತ್ತಿದ್ದವನಿಗೆ ಬೆನ್ನು ಕೊಟ್ಟು ನಿಂತಳು.

ಉಸಿರು ಬರಲು ಬಹಳ ಹೊತ್ತು ಹಿಡಿಯಿತು. ಸೂಜಿಯ ಕಣ್ಣಿನಷ್ಟು ಬಂತು. ಡಾಕ್ಟರು ಪೆನ್ನು ಕೆಳಗಿಟ್ಟು ಅವನ ಕೈಯನ್ನೇ ನೋಡುತ್ತಿದ್ದರು.

"ಧೂಳ," ಅಂದ.

ಕೈ ತೆಗೆಯಲಿಲ್ಲ.

"ಬರೀರಿ."